ಎಲ್‌ಎಲ್‌ಆರ್ 50 ಸಿಸಿಗೆ, ಸವಾರಿ 100 ಸಿಸಿ ಮೇಲೆ

ಮಧುಗಿರಿ: ಹದಿನಾರು ತುಂಬಿದ ಮಗನಿಗೆ ‘ಎಲ್‌ಎಲ್‌ಆರ್’ ಮಾಡಿಸಿಕೊಟ್ಟರೆ ಸಾಕು, ಇನ್ನು ಕಾಲೇಜಿಗೆ ಗಾಡಿ ಕೊಟ್ಟು ಕಳುಹಿಸಬಹುದು ಎಂಬ ನಂಬಿಕೆ ಪೋಷಕರಲ್ಲಿ ಬೇರೂರಿದೆ. ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳಲ್ಲಿ ‘ಕೆಎ–64’ ಫಲಕ ಹೊತ್ತು ಓಡಾಡುವ ದ್ವಿಚಕ್ರ ವಾಹನಗಳ ಪೈಕಿ ಆ ಪರವಾನಗಿಗೆ ಹೊಂದುವ ಗಾಡಿಯನ್ನು ಹುಡುಕಲು ಹೊರಟರೆ ಬರಿಗೈಯಲ್ಲಿ ಮರಳಬೇಕಾದೀತು.

ಕಾರಣ ಸರಳ. ಮೋಟಾರು ವಾಹನ ಕಾಯ್ದೆ–1988ರ 4ನೇ ಸೆಕ್ಷನ್ ಪ್ರಕಾರ 18 ವರ್ಷ ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಓಡಿಸುವಂತಿಲ್ಲ. ಇದಕ್ಕಿರುವ ವಿನಾಯಿತಿ ಒಂದೇ: 16 ತುಂಬಿದವರು ಎಂಜಿನ್ ಸಾಮರ್ಥ್ಯ 50 ಸಿಸಿ ಮೀರದ ಮೋಟಾರ್ ಸೈಕಲ್ ಓಡಿಸಬಹುದು. ಅವರಿಗೆ ದೊರೆಯುವ ಕಲಿಕಾ ಪರವಾನಗಿ ಗೇರ್ ಇಲ್ಲದ ವಾಹನಕ್ಕಷ್ಟೇ ಸೀಮಿತ. ಅದಕ್ಕೂ ಪೋಷಕರ ಲಿಖಿತ ಒಪ್ಪಿಗೆ ಕಡ್ಡಾಯ.

ಈ ಕಾಯ್ದೆ 1989ರ ಜುಲೈ 1ರಂದು ಜಾರಿಗೆ ಬಂದಾಗ ಊರೂರಿನಲ್ಲೂ ಲೂನಾ, ಟಿವಿಎಸ್–50 ಮೊಪೆಡ್‌ಗಳಿದ್ದವು. ಪೆಡಲ್ ತುಳಿದು ಸ್ಟಾರ್ಟ್ ಮಾಡುತ್ತಿದ್ದ, ಸೈಕಲ್ಲಿಗಿಂತ ತುಸು ವೇಗವಾಗಿ ಸಾಗುತ್ತಿದ್ದ ಆ ಗಾಡಿಗಳನ್ನು ಹದಿನಾರರ ಹುಡುಗನ ಕೈಗೆ ಕೊಡುವುದು ಶಾಸನ ರೂಪಿಸಿದವರಿಗೆ ಅಪಾಯವಾಗಿ ಕಂಡಿರಲಿಕ್ಕಿಲ್ಲ. ಬಳಿಕ ಮಾರುಕಟ್ಟೆ ಮುಂದೆ ಹೋಯಿತು, ಕಾನೂನಿನ ಅಂಕಿ ಮಾತ್ರ ಅಲ್ಲೇ ಉಳಿಯಿತು. ಹಾಲಿನ ಕ್ಯಾನು, ಮೇವಿನ ಹೊರೆ ಹೊರುವ ಟಿವಿಎಸ್ ಎಕ್ಸ್‌ಎಲ್–100 ಇಂದು ಸುಮಾರು 100 ಸಿಸಿಯದು. ಆಕ್ಟಿವಾ ಸುಮಾರು 110 ಸಿಸಿ. ಪ್ರತಿ ಹಳ್ಳಿಯಲ್ಲೂ ಕಾಣುವ ಸ್ಪ್ಲೆಂಡರ್ 97 ಸಿಸಿ, ಮೇಲಾಗಿ ಗೇರ್ ಗಾಡಿ. ಪ್ರಮುಖ ಕಂಪನಿಗಳ ಮಳಿಗೆಗಳಲ್ಲಿ 50 ಸಿಸಿಯ ಪೆಟ್ರೋಲ್ ವಾಹನವೇ ಇಲ್ಲ. ಹೀಗಾಗಿ 16–17ರ ವಯಸ್ಸಿನ ಕಲಿಕಾ ಪರವಾನಗಿದಾರ ಮನೆಯ ಯಾವ ಗಾಡಿ ಏರಿದರೂ ಪರವಾನಗಿ ಮೀರಿದಂತೆಯೇ. ‘ಸ್ಕೂಟಿ ತಾನೆ, ಗೇರ್ ಇಲ್ಲವಲ್ಲ’ ಎಂಬ ಸಮಾಧಾನಕ್ಕೆ ಕಾನೂನಿನಲ್ಲಿ ಜಾಗವಿಲ್ಲ.

ಪೋಷಕರು ಎಡವುವ ತಾಣ

ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಮೂಲಕ ಸೇರ್ಪಡೆಯಾದ 199ಎ ಸೆಕ್ಷನ್ ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರು ಅಥವಾ ಮಾಲೀಕರನ್ನೇ ತಪ್ಪಿತಸ್ಥರೆಂದು ಪರಿಗಣಿಸಿ ಮೂರು ವರ್ಷಗಳವರೆಗೆ ಜೈಲು ಹಾಗೂ ₹25 ಸಾವಿರ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಸಿಕ್ಕಿಬಿದ್ದ ಬಾಲಕ ಅಥವಾ ಬಾಲಕಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗದು. ‘ನನಗೆ ಗೊತ್ತಿಲ್ಲದೆ ಕೀ ತೆಗೆದುಕೊಂಡು ಹೋದ’ ಎಂದು ಹೇಳಿದರಷ್ಟೇ ಸಾಲದು, ಅದನ್ನು ಸಾಬೀತುಪಡಿಸುವ ಹೊಣೆಯೂ ಪೋಷಕರದೇ. ರಾಜ್ಯದ ಹಲವೆಡೆ ನ್ಯಾಯಾಲಯಗಳು ಈ ₹25 ಸಾವಿರವನ್ನು ವಿಧಿಸಿವೆ. ಕಡಲೆಕಾಯಿ ಬೆಳೆಯನ್ನೇ ನಂಬಿದ ಪಾವಗಡದ ಒಣಭೂಮಿ ರೈತನಿಗೆ ಅದು ಒಂದು ಹಂಗಾಮಿನ ಲಾಭವನ್ನೇ ನುಂಗಬಲ್ಲ ಮೊತ್ತ.

ಅಪ್ರಾಪ್ತನ ಬಳಿ ಕಲಿಕಾ ಪರವಾನಗಿ ಇದ್ದರೆ ಪೋಷಕರಿಗೆ ಇದರಿಂದ ವಿನಾಯಿತಿ ಉಂಟು ಎಂಬುದು ನಿಜ. ಎಲ್‌ಎಲ್‌ಆರ್ ಇದ್ದರೆ ಭಯವಿಲ್ಲ ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ಆದರೆ ಅದೇ ಸಾಲಿನಲ್ಲಿ ಮತ್ತೊಂದು ಷರತ್ತೂ ಇದೆ: ಆತ ಓಡಿಸುತ್ತಿದ್ದುದು ಪರವಾನಗಿ ಪಡೆದ ವಾಹನವೇ ಆಗಿರಬೇಕು. 50 ಸಿಸಿಯ ಪರವಾನಗಿ ಇಟ್ಟುಕೊಂಡು 110 ಸಿಸಿಯ ಸ್ಕೂಟರ್ ಓಡಿಸಿದರೆ ಈ ರಕ್ಷಣೆ ಕಳಚಿಬೀಳುತ್ತದೆ.

ಅಪಘಾತ ಸಂಭವಿಸಿದರೆ ವಿಮೆಯ ಪ್ರಶ್ನೆ ಎದುರಾಗುತ್ತದೆ. ಕಲಿಕಾ ಪರವಾನಗಿಯೂ ಪರವಾನಗಿಯೇ, ಅದೊಂದೇ ಕಾರಣ ಮುಂದಿಟ್ಟು ವಿಮಾ ಕಂಪನಿ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆದರೆ ಮಾಲೀಕ ವಿಮೆಯ ಷರತ್ತನ್ನು ಗೊತ್ತಿದ್ದೂ ಮೀರಿದ್ದು ಸಾಬೀತಾದರೆ, ಕಂಪನಿ ಸಂತ್ರಸ್ತರಿಗೆ ಮೊದಲು ಪರಿಹಾರ ಪಾವತಿಸಿ ಬಳಿಕ ಅದನ್ನು ಮಾಲೀಕನಿಂದ ವಸೂಲಿ ಮಾಡಲು ಅದೇ ತೀರ್ಪು ದಾರಿ ಮಾಡಿಕೊಟ್ಟಿದೆ. ಪರಿಹಾರದ ಮೊತ್ತ ಲಕ್ಷಗಳಲ್ಲಿದ್ದರೆ ಹೊಲ, ಮನೆಯ ಮೇಲೂ ಕಣ್ಣು ಬೀಳಬಹುದು.

ಬಿದ್ದವನು ಹುಡುಗನೇ ಆದರೆ ಸ್ಥಿತಿ ಇನ್ನೂ ಕಷ್ಟ. ದ್ವಿಚಕ್ರ ವಾಹನ ವಿಮೆಯ ಜತೆಗಿನ ₹15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಪರವಾನಗಿ ಹೊಂದಿದ ಮಾಲೀಕನಿಗೆ ಮೀಸಲು, ಮಗನಿಗೆ ಅನ್ವಯಿಸದು. ಇಳಕಲ್‌ನಲ್ಲಿ ಪರಿಚಿತರ ಬೈಕ್ ಪಡೆದು ಹೊರಟ ವ್ಯಕ್ತಿಯೊಬ್ಬರು ಎತ್ತಿನಗಾಡಿಗೆ ಡಿಕ್ಕಿ ಹೊಡೆದು ಮೃತಪಟ್ಟ ಪ್ರಕರಣ 2009ರಲ್ಲಿ ಸುಪ್ರೀಂ ಕೋರ್ಟ್ ತಲುಪಿತ್ತು. ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿಯೇ ನಿಲ್ಲುವುದರಿಂದ, ಯಾರ ತಪ್ಪೆಂದು ರುಜುವಾತು ಮಾಡುವ ಅಗತ್ಯವಿಲ್ಲದ ಸೆಕ್ಷನ್ ಅಡಿ ಆ ಬೈಕಿನ ವಿಮೆಯಿಂದ ಆತನ ವಾರಸುದಾರರು ಪರಿಹಾರ ಕೇಳಲಾಗದು ಎಂದು ಪೀಠ ಹೇಳಿತು. ತಂದೆಯ ಬೈಕ್ ಏರಿದ ಮಗನಿಗೂ ಈ ತರ್ಕ ಅನ್ವಯವಾಗುತ್ತದೆ.

ಬಸ್ಸಿನ ಬದಲು ಬೈಕು

ಇಷ್ಟೆಲ್ಲ ಅಪಾಯವಿದ್ದರೂ ಕೀ ಕೊಡುವುದೇಕೆ? ಶೋಕಿ ಎಂದು ತಳ್ಳಿಹಾಕುವುದು ಸುಲಭ. ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದ್ದು, ಹಳ್ಳಿಯ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿದ ಬಳಿಕ ಪಿಯುಸಿಗೆ ಹೋಬಳಿ ಅಥವಾ ತಾಲ್ಲೂಕು ಕೇಂದ್ರಕ್ಕೆ ಬರಲೇಬೇಕು. ಪಿಯು ಸೇರುವ ಹೊತ್ತಿಗೆ ಅವರ ವಯಸ್ಸು ಸರಿಯಾಗಿ ಹದಿನಾರು. 2022ರ ಮಾರ್ಚ್ 19ರಂದು ಪಾವಗಡ ತಾಲ್ಲೂಕಿನ ಪಳವಳ್ಳಿ ಕೆರೆ ಕಟ್ಟೆ ಬಳಿ ಕಿಕ್ಕಿರಿದು ತುಂಬಿದ್ದ ಖಾಸಗಿ ಬಸ್ ಉರುಳಿ ವಿದ್ಯಾರ್ಥಿಗಳೂ ಸೇರಿ ಹಲವರು ಪ್ರಾಣ ಕಳೆದುಕೊಂಡರು. ಅಂದು ಮಕ್ಕಳು ಬಸ್ಸಿನ ಚಾವಣಿಯ ಮೇಲೂ ಕುಳಿತಿದ್ದರು. ಅಂಥ ಬಸ್ಸಿಗಿಂತ ಮನೆಯ ಬೈಕೇ ವಾಸಿ ಎಂದು ತಂದೆಯೊಬ್ಬ ಭಾವಿಸಿದರೆ ಅದನ್ನು ಬರೀ ಬೇಜವಾಬ್ದಾರಿ ಎನ್ನಲಾಗದು. ಆದರೆ ಅದೇ ಬೈಕು ಶಿರಾದಲ್ಲಿ ಬೆಂಗಳೂರು–ಪುಣೆ ಹೆದ್ದಾರಿಗೆ ಇಳಿದಾಗ ಅಕ್ಕಪಕ್ಕದಲ್ಲಿ ಓಡುವುದು ದೂರದೂರಿನ ಲಾರಿಗಳು.

18 ತುಂಬಿದವರ ಕಥೆ ಬೇರೆ. ಗೇರ್ ರಹಿತ ವಾಹನಕ್ಕಷ್ಟೇ ಪರವಾನಗಿ ಪಡೆದು ಬೈಕ್ ಓಡಿಸುವುದು ತಪ್ಪು. ಆದರೆ ಗೇರ್ ಸಹಿತ ವಾಹನಕ್ಕೆ ಕಲಿಕಾ ಪರವಾನಗಿ ಪಡೆದವನು ಮೊದಲ ದಿನವೇ 350 ಸಿಸಿಯ ಬುಲೆಟ್ ಏರಿದರೂ ಕಾನೂನು ಅಡ್ಡಿಪಡಿಸದು, ಏಕೆಂದರೆ ಆ ವರ್ಗಕ್ಕೆ ಸಿಸಿಯ ಮಿತಿಯೇ ಇಲ್ಲ. ಬ್ರಿಟನ್‌ನಲ್ಲಿ ರಸ್ತೆಯಲ್ಲಿ ಒಬ್ಬನೇ ಸಾಗುವ ಕಲಿಕಾ ಸವಾರನಿಗೆ 125 ಸಿಸಿ, 11 ಕಿಲೋವಾಟ್‌ನ ಮಿತಿ ಇದೆ. ಹದಿನಾರರವನಿಗೆ ಸಿಗದ ಗಾಡಿಯ ಮಿತಿ, ಹದಿನೆಂಟರವನಿಗೆ ಮಿತಿಯೇ ಇಲ್ಲ! ನಮ್ಮ ಕಾಯ್ದೆಯ ವಿಚಿತ್ರ ಇದು. ಕಲಿಯುವವರೆಲ್ಲರಿಗೂ ಅನ್ವಯಿಸುವ ನಿಯಮಗಳು ಮಾತ್ರ ಸ್ಪಷ್ಟ: ವಾಹನದ ಮುಂದೆ, ಹಿಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಅಕ್ಷರ ಇರಬೇಕು. ಹಿಂದೆ ಕೂರುವುದಿದ್ದರೆ ಪರವಾನಗಿ ಇರುವ, ಕಲಿಸುವ ವ್ಯಕ್ತಿ ಮಾತ್ರ ಕೂರಬೇಕು. ಸಹಪಾಠಿಯನ್ನು ಕೂರಿಸಿಕೊಳ್ಳುವಂತಿಲ್ಲ.

ಹದಿನಾರರ ಮಕ್ಕಳಿಗೆ ಉಳಿದಿರುವ ಕಾನೂನುಬದ್ಧ ದಾರಿ ಕಡಿಮೆ ವೇಗದ ವಿದ್ಯುತ್ ಸ್ಕೂಟರ್. ಮೋಟಾರಿನ ಸಾಮರ್ಥ್ಯ 250 ವಾಟ್, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ. ಮೀರದ, ನಿಗದಿತ ತೂಕದೊಳಗಿನ ಇಂಥ ಗಾಡಿಯನ್ನು ಕಾನೂನು ಮೋಟಾರು ವಾಹನವೆಂದೇ ಪರಿಗಣಿಸುವುದಿಲ್ಲ. ನೋಂದಣಿ, ಪರವಾನಗಿ ಎರಡೂ ಬೇಡ. ಅದಕ್ಕಿಂತ ವೇಗವಾಗಿ ಓಡುವ ವಿದ್ಯುತ್ ಸ್ಕೂಟರ್‌ಗಳಿಗೆ ಈ ರಿಯಾಯಿತಿ ಇಲ್ಲ. ಖರೀದಿಗೆ ಮುನ್ನ ಮಾರಾಟಗಾರರ ಮಾತಿಗಿಂತ ಗಾಡಿಯ ದಾಖಲೆ ನೋಡುವುದು ಲೇಸು.

18ನೇ ಹುಟ್ಟುಹಬ್ಬದಂದು ಹಳೆಯ 50 ಸಿಸಿ ಪರವಾನಗಿ ತಾನಾಗಿಯೇ ಬೈಕಿನ ಪರವಾನಗಿಯಾಗಿ ಬದಲಾಗುವುದೂ ಇಲ್ಲ. ಗೇರ್ ಸಹಿತ ಮೋಟಾರ್ ಸೈಕಲ್ ವರ್ಗಕ್ಕೆ ‘ಸಾರಥಿ’ ಜಾಲತಾಣದಲ್ಲಿ ಹೊಸದಾಗಿ ಅರ್ಜಿ ಸಲ್ಲಿಸಬೇಕು. ಕಲಿಕಾ ಪರವಾನಗಿ ಆರು ತಿಂಗಳು ಊರ್ಜಿತದಲ್ಲಿರುತ್ತದೆ. ಅದು ಕೈಸೇರಿ 30 ದಿನ ಕಳೆದ ನಂತರವೇ ಚಾಲನಾ ಪರೀಕ್ಷೆಗೆ ಹಾಜರಾಗಬಹುದು.