ಬೇಳೆಯ ಪಾತ್ರೆಯಲ್ಲಿ ಮೂರು ಭಾಷೆ

ಊರು ಬಿಟ್ಟು ಹೋಗುವವರು ಹೊಲಮನೆಗಳನ್ನು ಹೊತ್ತೊಯ್ಯಲಾರರು. ಅಡಿಗೆಯ ರುಚಿಯನ್ನು ಮಾತ್ರ ಒಯ್ಯುತ್ತಾರೆ. 1875ರಿಂದ ಇಟಲಿಯ ಬಡ ರೈತರು ಹಡಗು ಹತ್ತಿ, ದಕ್ಷಿಣ ಬ್ರೆಜಿಲಿನ ಗುಡ್ಡಗಾಡಿನಲ್ಲಿ ನೆಲೆಸಿದರು. ಹಿಟ್ಟಿನ ಪುಟ್ಟ ಕಡುಬುಗಳನ್ನು ಬಿಸಿ ರಸದಲ್ಲಿ ಬೇಯಿಸುವ ಅವರ ಊಟ ಇಂದು ಅಲ್ಲಿ ಚಳಿಗಾಲದ ಅಚ್ಚುಮೆಚ್ಚಿನ ಮನೆಯೂಟವಾಗಿದೆ. ಅದು ಮಾಂಸದ ಅಡಿಗೆ, ನಮಗೆ ಸಲ್ಲದು. ಆದರೆ ಅದರ ಕಥೆಯಂಥದೇ ಒಂದು ಕಥೆ ನಮ್ಮ ಜತ್ತ ತಾಲೂಕಿನ ಮನೆಯಲ್ಲೂ ನಡೆದಿದೆ.

ಸಾಂಗಲಿ ಜಿಲ್ಲೆಯ ಜತ್ತ ಬರದ ಸೀಮೆ. ಪೇಟೆಯಲ್ಲಿ ಮರಾಠಿ, ಹಟ್ಟಿಯಲ್ಲಿ ಕನ್ನಡ. ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಗುಜರಾತದಿಂದ ಬಂದ ಜೈನ ವ್ಯಾಪಾರಿ ಮನೆತನಗಳು ನೆರೆಯ ಸೋಲಾಪುರದಲ್ಲಿ ಬಹಳ ಹಿಂದೆಯೇ ಬೇರೂರಿದ್ದವು. ಹೆಸರಾಂತ ಉದ್ಯಮಿ ವಾಲಚಂದ ಹಿರಾಚಂದರು 1882ರಲ್ಲಿ ಹುಟ್ಟಿದ್ದು ಅಂಥದೊಂದು ಮನೆಯಲ್ಲೇ. ನಮ್ಮ ಮನೆಗೂ ಸೋಲಾಪುರದಿಂದ ಗುಜರಾತಿ ಮಾತಿನ ಸೊಸೆ ಬಂದಳು. ಅವಳಿಗೆ ಕನ್ನಡ ಬಾರದು, ಅತ್ತೆಗೆ ಗುಜರಾತಿ ತಿಳಿಯದು.

ಒಂದು ಸಂಜೆ ಅವಳು ತವರಿನ ದಾಳ ಢೋಕಳಿ ಮಾಡಿದಳು. ಅತ್ತೆ ಪಾತ್ರೆಯಲ್ಲಿ ಇಣುಕಿ, "ಇದೇನ ಮಾಡೀಯವ್ವಾ? ಬ್ಯಾಳ್ಯಾಗ ಚಪಾತಿ ಬಿದ್ದಾವೇನು?" ಎಂದರು. ಮಾತು ತಿಳಿಯದಿದ್ದರೂ ಧ್ವನಿ ತಿಳಿಯಿತು. ಆ ರಾತ್ರಿ ಸೊಸೆ ಉಪವಾಸ ಮಲಗಿದಳು. ಅತ್ತೆಯೂ ಅದನ್ನು ಮುಟ್ಟಲಿಲ್ಲ.

ಕೆಲವು ದಿನಗಳಲ್ಲಿ ಮಾವನವರಿಗೆ ಜ್ವರ ಬಂದು ರೊಟ್ಟಿ ಸೇರದಾಯಿತು. ಮರಾಠಿ ಮಾತಿನ ನೆರೆಮನೆಯಾಕೆ, "ನಾವು ಚಕೋಲ್ಯಾ ಮಾಡತೇವಲ್ಲ, ಅದನ್ನ ಕೊಡ್ರಿ" ಎಂದರು. ಚಕೋಲ್ಯಾ ಎಂದರೂ ಅದೇ: ಬೇಳೆಯಲ್ಲಿ ಬೆಂದ ಗೋಧಿಯ ತುಂಡುಗಳು. ಸೊಸೆ ಮತ್ತೆ ಒಲೆ ಹೊತ್ತಿಸಿದಳು. ಮಾವ ಎರಡು ಬಟ್ಟಲು ಉಂಡರು. ಅತ್ತೆ ಏನೂ ಅನ್ನಲಿಲ್ಲ. ಮರುದಿನ ಹುರಿದ ಶೇಂಗಾ ಕುಟ್ಟಿ ತಂದು, ಕುದಿಯುವ ಪಾತ್ರೆಗೆ ತಾವೇ ಒಂದು ಹಿಡಿ ಹಾಕಿದರು.

ಅಂದಿನಿಂದ ಅಡಿಗೆ ಬದಲಾಗುತ್ತ ಬಂತು. ಬೆಲ್ಲ ಕಡಿಮೆಯಾಯಿತು, ಖಾರ ಏರಿತು. ವಾಚಕರು ಗಮನಿಸಬೇಕು: ನಮ್ಮದೇ ಎಂದುಕೊಂಡ ಶೇಂಗಾ, ಮೆಣಸಿನಕಾಯಿಗಳೂ ಅಮೇರಿಕ ಖಂಡಗಳ ಮೂಲದವೇ. ಮೆಣಸಿನಕಾಯಿಯನ್ನು ಇಲ್ಲಿಗೆ ತಂದವರು ಪೋರ್ತುಗೀಜರು. ಶೇಂಗಾ ಮಣ್ಣೊಳಗೆ ಬೆಳೆದರೂ ಗೆಡ್ಡೆಯಲ್ಲ, ಬೀಜ. ಆದ್ದರಿಂದ ನಮ್ಮ ಅಡಿಗೆಮನೆಗೆ ಅಡ್ಡಿಯಿಲ್ಲ.

ಮಾಡುವ ಕ್ರಮ ಸುಲಭ. ಒಂದು ಬಟ್ಟಲು ತೊಗರಿಬೇಳೆಯನ್ನು ಅರಿಸಿನ ಹಾಕಿ ಮೆತ್ತಗೆ ಬೇಯಿಸಿರಿ. ಒಂದೂವರೆ ಬಟ್ಟಲು ಗೋಧಿ ಹಿಟ್ಟಿಗೆ ಉಪ್ಪು, ಅಜವಾನ, ಚಮಚ ಎಣ್ಣೆ ಬೆರೆಸಿ ಗಟ್ಟಿಯಾಗಿ ನಾದಿ, ತೆಳ್ಳಗೆ ಲಟ್ಟಿಸಿ, ಶಂಕರಪೋಳಿಯಂತೆ ಕೊಯ್ಯಿರಿ. ಸಾಸಿವೆ, ಜೀರಿಗೆ, ಇಂಗು, ಕರಿಬೇವಿನ ಒಗ್ಗರಣೆಗೆ ಬೇಳೆ ಸುರಿದು, ಸಾಕಷ್ಟು ನೀರು, ಹುಣಸೆ, ಬೆಲ್ಲ, ಖಾರ, ಉಪ್ಪು, ಶೇಂಗಾ ಪುಡಿ ಸೇರಿಸಿರಿ. ಚೆನ್ನಾಗಿ ಕುದಿ ಬಂದ ಮೇಲೆ ತುಂಡುಗಳನ್ನು ಒಂದೊಂದಾಗಿ ಬಿಡಿರಿ. ಒಟ್ಟಿಗೆ ಹಾಕಿದರೆ ಅಂಟಿಕೊಳ್ಳುತ್ತವೆ. ಹತ್ತು-ಹನ್ನೆರಡು ನಿಮಿಷ ಬೆಂದರೆ ಸಾಕು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟೆ ಯಾವುದೂ ಬೇಡ. ಚಾತುರ್ಮಾಸದಲ್ಲಿ ಹಸಿಸೊಪ್ಪು ಬಿಟ್ಟವರು ಕೊತ್ತಂಬರಿಯ ಬದಲು ಒಣಕೊಬ್ಬರಿ ಉದುರಿಸಬಹುದು. ಒಂದೇ ಪಾತ್ರೆಯ ಅಡಿಗೆಯಾದ್ದರಿಂದ ಸೂರ್ಯ ಮುಳುಗುವ ಮುನ್ನ ಊಟ ಮುಗಿಸಲು ಅನುಕೂಲ. ತೊಳೆಯುವ ನೀರೂ ಉಳಿತಾಯ. ನೀರಿಲ್ಲದ ಬೇಸಿಗೆಯನ್ನು ಕಂಡ ಜತ್ತದ ಹೆಣ್ಣುಮಕ್ಕಳಿಗೆ ಇದರ ಬೆಲೆ ಗೊತ್ತು.

ಅತ್ತೆ ಈಗಿಲ್ಲ. ಸೊಸೆಯೇ ಅಜ್ಜಿಯಾಗಿದ್ದಾಳೆ. ಪುಣೆಯಲ್ಲಿರುವ ಮೊಮ್ಮಗಳು ಕನ್ನಡ ಓದಲಾರಳು, ಗುಜರಾತಿ ಆಡಲಾರಳು. ಅದರ ಚಿಂತೆ ನಮಗಿದೆ. ಆದರೆ ಮೊನ್ನೆ ಫೋನಿನಲ್ಲಿ, "ಅಜ್ಜೀ, ಶೇಂಗಾ ಪುಡಿ ಮೊದಲ ಹಾಕೂದೋ, ಆಮ್ಯಾಲೋ?" ಎಂದು ಕೇಳಿದಳು.

"ನಮ್ಮ ಅತ್ತಿ ಕುದಿಯೂಮುಂದ ಹಾಕತಿದ್ರವ್ವಾ" ಎಂದಳು ಅಜ್ಜಿ.