ಸಸಿ ಎಣಿಸಿದರೆ ಕಾಡು ತಿಳಿಯುತ್ತದೆ

ಬಿಸಿಲೆ ಘಾಟಿಯ ಅಂಚಿಗೂ ಆಲೂರಿಗೂ ನೇರ ದೂರ 50 ಕಿಲೋಮೀಟರ್ ಕೂಡ ಇಲ್ಲ. ಅಷ್ಟರೊಳಗೆ ಮಳೆ ಹಲವು ಪಟ್ಟು ಇಳಿದು ಕಾಡಿನ ಬಗೆಯೇ ಬದಲಾಗುತ್ತದೆ. ಬಿಸಿಲೆ, ಕಾಗಿನಹರೆ, ಕೆಂಪುಹೊಳೆಯ ಮೀಸಲು ಅರಣ್ಯಗಳಲ್ಲಿ ಧೂಮ, ಸಾಲುಧೂಪ, ಹಡಸಾಲೆ, ಬಲಗಿಗಳ ನಿತ್ಯಹಸಿರು ಮಲೆ. ಸಕಲೇಶಪುರ ದಾಟಿ ಪೂರ್ವಕ್ಕೆ ಸರಿದರೆ ಬೇಸಿಗೆಗೆ ಬೋಳಾಗುವ ಮತ್ತಿ, ನಂದಿ, ಹೊನ್ನೆ, ಬೀಟೆ. ಇಷ್ಟು ಕಿರಿದಾದ ಪಟ್ಟಿಯಲ್ಲಿ ಇಷ್ಟು ಬಗೆಯ ಮರಗಳು ಸಿಗುವ ಜಾಗ ಅಪರೂಪ. ಇವು ಮುಂದೆಯೂ ಉಳಿಯುತ್ತವೆಯೇ ಎಂದು ತಿಳಿಯಬೇಕಾದರೆ ತಲೆ ಬಗ್ಗಿಸಿ ನೆಲ ನೋಡಬೇಕು.

ಬಿಸಿಲೆಯ ದಕ್ಷಿಣಕ್ಕೆ, ಪುಷ್ಪಗಿರಿಯ ಆಚೆ, ಕೊಡಗಿನ ಕಡಮಕಲ್ಲು ಮೀಸಲು ಅರಣ್ಯದಲ್ಲಿ ಉಪ್ಪಂಗಳ ಎಂಬ ಜಾಗವಿದೆ. ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್ ಅಲ್ಲಿ ಶಾಶ್ವತ ಅಧ್ಯಯನ ತಾಣಗಳನ್ನು ಗುರುತಿಸಿ ಮರಗಳನ್ನು ಅಳೆಯುತ್ತಾ ಬಂದಿದೆ. ಪಾಸ್ಕಲ್ ಮತ್ತು ಪೆಲಿಸಿಯೆ 1996ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಸುತ್ತಳತೆ 30 ಸೆಂಟಿಮೀಟರ್ ಮುಟ್ಟಿದ ಮರಗಳನ್ನಷ್ಟೇ ಹಿಡಿದರೂ 3.12 ಹೆಕ್ಟೇರಿನಲ್ಲಿ 91 ಜಾತಿಗಳಿದ್ದವು. ಹೆಕ್ಟೇರಿಗೆ 635 ಮರ. ಒಂದೊಂದು ಅಂತಸ್ತಿಗೂ ಒಬ್ಬೊಬ್ಬ ಯಜಮಾನ: ಕೆಳಗೆ ಹಸಿಗೆ, ನಡುವೆ ಕಾಡುಜಾಯಿ, ಚಪ್ಪರದಲ್ಲಿ ಸಾಲುಧೂಪ, ಚಪ್ಪರವನ್ನೂ ಮೀರಿ ನಿಲ್ಲುವ ಧೂಮ. ಈ ಹಸಿಗೆ ನಮ್ಮ ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಅದರ ಕೆಲವು ಮರಗಳ ಟೊಳ್ಳು ರೆಂಬೆಗಳಲ್ಲಿ ಇರುವೆಗಳು ಸಂಸಾರ ಹೂಡುತ್ತವೆ.

ಇಂಥ ಕಾಡಿನ ಬಲವೂ ದೌರ್ಬಲ್ಯವೂ ಬೀಜದಲ್ಲೇ ಇದೆ. ಭತ್ತದ ಬೀಜವನ್ನು ಒಣಗಿಸಿ ಮುಂದಿನ ವರ್ಷಕ್ಕೆ ಇಡಬಹುದು. ಸಾಲುಧೂಪದ ಬೀಜ ಒಣಗಿದರೆ ಸತ್ತಂತೆಯೇ. ಅದು ಮಳೆ ಹಿಡಿಯುವ ಹೊತ್ತಿಗೆ ಉದುರಿ, ಬೇಗನೆ ಮೊಳೆತು, ನೆರಳಿನಲ್ಲಿ ವರ್ಷಗಟ್ಟಲೆ ಕುಳ್ಳಗೇ ಕಾಯುತ್ತದೆ. ಯಾವುದೋ ಹಳೆಯ ಮರ ಉರುಳಿ ಬೆಳಕು ಬಿದ್ದ ದಿನ ಮೇಲೇಳಲು ಶುರು. ಧೂಮ, ಹಡಸಾಲೆಯ ಕತೆಯೂ ಇದೇ. ಮಣ್ಣಿನೊಳಗೆ ಇವುಗಳ ಬೀಜದ ದಾಸ್ತಾನು ಇರುವುದಿಲ್ಲ. ಕಣ್ಣಿಗೆ ಕಾಣುವ ಸಸಿಗಳೇ ಇವುಗಳ ಒಟ್ಟು ಉಳಿತಾಯ. ಉಪ್ಪಳಿಗೆಯಂಥ ಬೆಳಕು ಬಯಸುವ ಮರಗಳ ಸಣ್ಣ ಬೀಜಗಳು ಮಾತ್ರ ಮಣ್ಣಿನಲ್ಲಿ ಮಲಗಿದ್ದು, ಬಿಸಿಲು ತಾಗಿದೊಡನೆ ಏಳುತ್ತವೆ.

ಹಾಗಾಗಿ ಮರ ಕಡಿಯದೆಯೂ ಕಾಡನ್ನು ಮುಗಿಸಬಹುದು. ಏಲಕ್ಕಿ ಮಲೆಗಳಲ್ಲಿ ಆದದ್ದು ಬಹುಮಟ್ಟಿಗೆ ಇದೇ. ದೊಡ್ಡ ಮರಗಳನ್ನು ನೆರಳಿಗೆ ಉಳಿಸಿ, ಅಡಿಗಿಡಗಳನ್ನು ಸವರಿ ಏಲಕ್ಕಿ ಹಾಕಿದರು. ವರ್ಷವರ್ಷವೂ ಕತ್ತಿಯಾಡುವಲ್ಲಿ ಸಾಲುಧೂಪದ ಸಸಿ ಮೊಣಕಾಲೆತ್ತರ ಮೀರುವುದಿಲ್ಲ. ಕಟ್ಟೆರೋಗ ಏಲಕ್ಕಿಯನ್ನು ಹಿಂಡಿದ ಮೇಲೆ ಹಲವೆಡೆ ಕಾಫಿ ಬಂತು; ಕತ್ತಿ ನಿಲ್ಲಲಿಲ್ಲ. ಗುಡ್ಡದ ಮೇಲಿನಿಂದ ನೋಡಿದರೆ ಈಗಲೂ ದಟ್ಟ ಹಸಿರು. ಒಳಗೆ ಮಾತ್ರ ಎಲ್ಲರೂ ಮುದುಕರು. ಆರೋಗ್ಯವಂತ ಕಾಡಿನಲ್ಲಿ ಸಸಿಗಳು ಅಸಂಖ್ಯ, ಎಳೆಮರಗಳು ಅದಕ್ಕಿಂತ ಕಡಿಮೆ, ಹೆಮ್ಮರಗಳು ಬೆರಳೆಣಿಕೆಯಷ್ಟು ಇರಬೇಕು. ನಡುವಿನ ಪೀಳಿಗೆ ಕಾಣೆಯಾಗಿದ್ದರೆ ಆ ಜಾತಿ ಅಲ್ಲಿಂದ ಹೊರಟಿದೆ ಎಂದೇ ಅರ್ಥ.

ಜಾತಿಗಳ ಬರಿಯ ಸಂಖ್ಯೆ ಇಲ್ಲಿ ದಾರಿ ತಪ್ಪಿಸುತ್ತದೆ. ಮಿತವಾದ ಗಾಸಿಯಾದ ಕಾಡಿನಲ್ಲಿ ಜಾತಿಗಳು ಹೆಚ್ಚೇ ಇರಬಹುದೆಂದು ಅಮೆರಿಕದ ಪರಿಸರ ವಿಜ್ಞಾನಿ ಜೋಸೆಫ್ ಕಾನೆಲ್ 1978ರಲ್ಲಿ ವಾದಿಸಿದ್ದರು. ಹಳಬರು ಇನ್ನೂ ಹೋಗಿರುವುದಿಲ್ಲ, ಬೆಳಕಿನ ಹೊಸಬರು ಆಗಲೇ ಬಂದಿರುತ್ತಾರೆ. ಶಿರಾಡಿ ಘಾಟಿಯ ಹೆದ್ದಾರಿ, 57 ಸುರಂಗಗಳ ಸುಬ್ರಹ್ಮಣ್ಯದ ರೈಲುದಾರಿ, ಎತ್ತಿನಹೊಳೆಯ ಕೊಳವೆ ಮಾರ್ಗ ಇವೆಲ್ಲ ಕಾಡಿಗೆ ಹೊಸ ಅಂಚುಗಳನ್ನು ತಂದಿವೆ. ಅಂಚಿನಲ್ಲಿ ಗಾಳಿ ಬಿಸಿಯಾಗುತ್ತದೆ, ದರಗು ಒಣಗುತ್ತದೆ, ಲಂಟಾನ ನುಗ್ಗುತ್ತದೆ. ಅಲ್ಲಿ ಪಟ್ಟಿ ಮಾಡಿದರೆ ಹೆಸರುಗಳು ಕಡಿಮೆಯಿರಲಿಕ್ಕಿಲ್ಲ. ಆದರೆ ಎಲ್ಲೆಡೆ ಬೆಳೆಯುವ ಉಪ್ಪಳಿಗೆಯನ್ನೂ ಘಟ್ಟದಲ್ಲಷ್ಟೇ ಬದುಕುವ ಧೂಮವನ್ನೂ ಒಂದೇ ತೂಕದಲ್ಲಿ ಎಣಿಸುವುದು ನನಗೆ ಒಪ್ಪಿಗೆಯಿಲ್ಲ.

ಸಕಲೇಶಪುರ, ಆಲೂರಿನ ಕಾಫಿ ತೋಟಗಳ ಮೇಲೆ ನನಗೆ ಭರವಸೆಯಿದೆ. ಹಳೆಯ ತೋಟಗಳ ಅತ್ತಿ, ಬಸರಿ, ಆಲದ ಮರಗಳಿಗೆ ಮಂಗಟ್ಟೆಗಳು ಇಂದಿಗೂ ಹಣ್ಣಿಗೆ ಬರುತ್ತವೆ, ಕಾಡಿನ ಬೀಜ ಉದುರಿಸಿ ಹೋಗುತ್ತವೆ. ಅಡ್ಡಿ ಬಂದಿರುವುದು ಸಿಲ್ವರ್ ಓಕ್‌ನಿಂದ. ಆಸ್ಟ್ರೇಲಿಯಾದ ಈ ಮರ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ನೆಟ್ಟಗಿನ ಆಸರೆ. ಎಲ್ಲಕ್ಕಿಂತ ಮುಖ್ಯವಾಗಿ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಅನುಮತಿಯಿಂದ ಅದಕ್ಕೆ ವಿನಾಯಿತಿಯಿದೆ. ತನ್ನ ಕೈಯಾರೆ ನೆಟ್ಟ ಬೀಟೆ, ಹೊನ್ನೆ ಕಡಿಯಲು ಕಚೇರಿ ಅಲೆಯಬೇಕಾದ ಬೆಳೆಗಾರ ಸಿಲ್ವರ್ ಓಕ್ ನೆಟ್ಟರೆ ಅವನನ್ನು ದೂರಲಾರೆ. ನಾಡಮರ ನೆಟ್ಟವನಿಗೂ ಅದೇ ಸಲೀಸು ಸಿಗಬೇಕು.

ಕಾಡು ಮರಳಿಸಲು ಹೊರಡುವವರು ಬೀಜದ ಗುಣ ಅರಿತಿರಬೇಕು. ಸಾಲುಧೂಪ, ಹಡಸಾಲೆಯ ಬೀಜವನ್ನು ಬಿದ್ದ ವಾರದೊಳಗೆ, ಒಣಗುವ ಮೊದಲೇ, ನೆರಳಿನ ನರ್ಸರಿಯಲ್ಲಿ ಬಿತ್ತಬೇಕು. ಬಟ್ಟಬಯಲಿಗೆ ಅವನ್ನು ನೆಟ್ಟರೆ ಮೊದಲ ಬೇಸಿಗೆಯಲ್ಲೇ ಸುಟ್ಟುಹೋಗುತ್ತವೆ. ಉಪ್ಪಳಿಗೆಯಂಥವು ಎದ್ದು ನೆರಳು ಕಟ್ಟಿದ ಮೇಲೆ, ಅವುಗಳ ಬುಡದಲ್ಲಿ ನೆಡಬೇಕು. ತೋಟದೊಳಗಾದರೆ ಇಷ್ಟೂ ಬೇಡ: ಕಳೆ ಹೊಡೆಯುವ ಮುನ್ನ ಮಂಗಟ್ಟೆ ತಂದ ಸಸಿಗಳ ಪಕ್ಕ ಒಂದೊಂದು ಗೂಟ ನೆಟ್ಟರೆ ಕತ್ತಿ ಅವುಗಳನ್ನು ಬಿಟ್ಟು ಮುಂದೆ ಹೋಗುತ್ತದೆ.