ಬೆರಳಲ್ಲಿ ಹೊಳೆಯುವ ಒಂದೇ ಅಣು

1814ರ ಮಾರ್ಚ್, ಇಟಲಿಯ ಫ್ಲಾರೆನ್ಸ್. ಟಸ್ಕನಿಯ ಡ್ಯೂಕ್‌ನ ಭಾರೀ ಮಸೂರವನ್ನು ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಸೂರ್ಯನತ್ತ ತಿರುಗಿಸಿದ್ದಾನೆ; ಪಕ್ಕದಲ್ಲಿ ಇಪ್ಪತ್ತೆರಡರ ಹರೆಯದ ಸಹಾಯಕ ಮೈಕೇಲ್ ಫ್ಯಾರಡೆ. ಆಮ್ಲಜನಕ ತುಂಬಿದ ಗಾಜಿನ ಬುರುಡೆಯೊಳಗೆ ಒಂದು ವಜ್ರ. ಬಿಸಿಲು ಚುಕ್ಕೆಯಾಗಿ ಅದರ ಮೇಲೆ ನೆಟ್ಟಿತು. ಅಗೋ, ವಜ್ರ ಹೊತ್ತಿಕೊಂಡಿತು! ಕೆಂಪಗೆ ಉರಿಯಿತು, ಮಸೂರ ಸರಿಸಿದ ಮೇಲೂ ಉರಿಯಿತು. ಉರಿದು ಹುಟ್ಟಿದ್ದು ಇಂಗಾಲದ ಡೈಆಕ್ಸೈಡ್ ಮಾತ್ರ. ವಜ್ರವೆಂದರೆ ಅಪ್ಪಟ ಇಂಗಾಲವೆಂದು ಸ್ಮಿತ್‌ಸನ್ ಟೆನಂಟ್ 1797ರಲ್ಲೇ ತೋರಿಸಿದ್ದ. ಈಗ ಅದಕ್ಕೆ ಬೆಂಕಿಯೇ ಸಾಕ್ಷಿ.

ಮಸಿಯಲ್ಲಿರುವ ಅದೇ ಇಂಗಾಲಕ್ಕೆ ವಜ್ರದಲ್ಲಿ ಈ ಪರಿ ಕಾಠಿಣ್ಯ ಬಂದದ್ದಾದರೂ ಎಲ್ಲಿಂದ? ಉತ್ತರಕ್ಕೆ 1913ರವರೆಗೆ ಕಾಯಬೇಕಾಯಿತು. ತಂದೆ ವಿಲಿಯಂ ಬ್ರಾಗ್, ಮಗ ಲಾರೆನ್ಸ್ ಬ್ರಾಗ್ ವಜ್ರಕ್ಕೆ ಎಕ್ಸ್-ಕಿರಣ ಹಾಯಿಸಿ ಅದರ ಒಳಮನೆಯನ್ನೇ ಕಂಡರು. ಪ್ರತಿ ಪರಮಾಣುವಿಗೂ ನಾಲ್ಕು ನೆರೆಯ ಪರಮಾಣುಗಳು, ನಾಲ್ಕೂ 0.154 ನ್ಯಾನೊಮೀಟರ್ ದೂರದಲ್ಲಿ, ನಡುವಿನ ಕೋನ 109.5 ಡಿಗ್ರಿ. ಆ ನಾಲ್ಕಕ್ಕೂ ಮತ್ತೆ ನಾಲ್ಕು ಬಂಧ, ಅವಕ್ಕೂ ನಾಲ್ಕು! ನೀರಿನ ಅಣು ಮೂರು ಪರಮಾಣುಗಳಿಗೇ ಮುಗಿಯುತ್ತದೆ. ವಜ್ರದ ಅಣು ಎಲ್ಲಿ ಮುಗಿಯುತ್ತದೆ? ವಜ್ರ ಮುಗಿಯುವಲ್ಲಿ! ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ಅದರಲ್ಲಿ ಒಂದರ ಮುಂದೆ ಇಪ್ಪತ್ತೆರಡು ಸೊನ್ನೆ ಇಟ್ಟಷ್ಟು ಪರಮಾಣುಗಳು. ದೋಷವಿಲ್ಲದ ಹರಳಾದರೆ ಅಷ್ಟೂ ಸೇರಿ ಒಂದೇ ಅಣು. ಉಂಗುರದಲ್ಲಿರುವುದು ಬರಿಗಣ್ಣಿಗೆ ಕಾಣುವ ಅಣು! ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಮೈ ಜುಮ್ಮೆನ್ನಿಸುವ ಸಂಗತಿ ನನಗಂತೂ ಗೊತ್ತಿಲ್ಲ.

ಇನ್ನು ಪೆನ್ಸಿಲ್ ಕಡ್ಡಿಯ ಗ್ರಾಫೈಟ್. ಅದೇ ಇಂಗಾಲ, ಆದರೆ ಇಲ್ಲಿ ನೆರೆ ಮೂರೇ. ಜೇನುಗೂಡಿನ ಹಾಗೆ ಆರು ಮೂಲೆಗಳ ಹಾಳೆಗಳು, ಹಾಳೆಗೂ ಹಾಳೆಗೂ 0.335 ನ್ಯಾನೊಮೀಟರ್ ಅಂತರ. ಹಾಳೆಗಳು ಜಾರುತ್ತವೆ, ಅದಕ್ಕೇ ಕಾಗದದ ಮೇಲೆ ಗೆರೆ ಮೂಡುತ್ತದೆ. ಬಂಧಕ್ಕೆ ಸಿಕ್ಕದ ನಾಲ್ಕನೆಯ ಎಲೆಕ್ಟ್ರಾನ್ ಹಾಳೆಯ ತುಂಬ ಓಡಾಡಿ ವಿದ್ಯುತ್ತನ್ನು ಹರಿಸುತ್ತದೆ. ಮೆತ್ತಗಿದೆ ಎಂದು ಕಡೆಗಣಿಸಬೇಡಿ: ಹಾಳೆಯೊಳಗಿನ ಬಂಧದ ಉದ್ದ 0.142 ನ್ಯಾನೊಮೀಟರ್, ವಜ್ರದ ಬಂಧಕ್ಕಿಂತ ಗಿಡ್ಡ, ವಜ್ರದ ಬಂಧಕ್ಕಿಂತ ಬಲ! ಅಂಥ ಒಂಟಿ ಹಾಳೆಯನ್ನು ಆಂಡ್ರೆ ಗೈಮ್, ಕಾನ್‌ಸ್ಟಾಂಟಿನ್ ನೊವೊಸೆಲೊವ್ ಮ್ಯಾಂಚೆಸ್ಟರಿನಲ್ಲಿ ಬರೀ ಅಂಟುಪಟ್ಟಿಯಿಂದ ಬಿಡಿಸಿ 2004ರಲ್ಲಿ ಲೋಕದ ಮುಂದಿಟ್ಟರು.

ವಜ್ರದ ಬೆರಗು ಇಷ್ಟಕ್ಕೇ ನಿಲ್ಲುವುದಿಲ್ಲ. ಸಿ. ವಿ. ರಾಮನ್ ಬೆಂಗಳೂರಿನಲ್ಲಿ ವರ್ಷಗಟ್ಟಲೆ ಅದರ ಬೆನ್ನುಬಿದ್ದಿದ್ದರು. ಚದುರಿದ ಬೆಳಕಿನಲ್ಲಿ ಕಾಣುವ, ಅವರದೇ ಹೆಸರಿನ ಪರಿಣಾಮದಲ್ಲಿ ವಜ್ರ ಕೊಡುವ ಮುಖ್ಯ ಗುರುತು, ಸೆಂಟಿಮೀಟರಿಗೆ 1332 ತರಂಗಗಳೆಂಬ ಲೆಕ್ಕದಲ್ಲಿ ಪರಮಾಣುಗಳ ಕಂಪನ ಮೂಡಿಸುವ ಒಂದೇ ಒಂದು ಚೂಪು ಗೆರೆ. ಹಗುರ ಪರಮಾಣು, ಬಿಗಿ ಬಂಧ, ಎಲ್ಲೆಡೆ ಒಂದೇ ಕಟ್ಟು. ಅದರಿಂದಲೇ ಕಂಪನ ಅಷ್ಟು ತೀವ್ರ. ಓಡಾಡುವ ಎಲೆಕ್ಟ್ರಾನ್ ಇಲ್ಲದಿದ್ದರೂ ವಜ್ರ ತಾಮ್ರದ ಸುಮಾರು ಐದು ಪಟ್ಟು ವೇಗವಾಗಿ ಶಾಖ ಸಾಗಿಸುವುದು ಇಂಥ ಕಂಪನಗಳ ಬಲದಿಂದಲೇ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರದ ತೆಳು ಬಿಲ್ಲೆಯೊಂದನ್ನು ಬೆರಳಲ್ಲಿ ಹಿಡಿದು ಮಂಜುಗಡ್ಡೆಗೆ ಒತ್ತಿ ನೋಡಿ. ಬೆರಳಿನ ಬಿಸಿಯೇ ಅದರೊಳಗಿಂದ ಹರಿದು ಮಂಜುಗಡ್ಡೆಯನ್ನು ಸರಸರನೆ ಕೊಯ್ಯುತ್ತದೆ!